ಲ್ಯಾಮಿನೇಷನ್ ಮಾಡಿಸಿದ ಅಂಕಪಟ್ಟಿ

18 ನವೆಂಬರ್ 2025, ಮಂಗಳವಾರ
ಸನಿವೇಲ್, ಕ್ಯಾಲಿಫೋರ್ನಿಯ

ರಾತ್ರಿ ಹನ್ನೊಂದಾಯಿತು. ಸಾರು ಇನ್ನೂ ಒಲೆಯ ಮೇಲೇ ಇದೆ, ಫ್ರಿಜ್ಜಿಗೆ ಎತ್ತಿಡಬೇಕು. ಏಳಲು ಮನಸ್ಸಿಲ್ಲ.

ಸಂಜೆ, ಡಿಗ್ರಿ ಮುಗಿಸಲು ನಾನು ವಿಚಾರಿಸಿದ್ದ ಆ ಆನ್‌ಲೈನ್ ವಿಶ್ವವಿದ್ಯಾನಿಲಯದ ಕೌನ್ಸೆಲರ್ ಫೋನ್ ಮಾಡಿದ್ದಳು. ಹೆಸರು ಬರೆಯುವುದಿಲ್ಲ, ನಾಳೆ ಅಲ್ಲಿಗೇ ಸೇರಬೇಕಾಗಿ ಬಂದರೂ ಬಂದೀತು. ಐದು ವರ್ಷ ಸಂಜೆ ತರಗತಿಗಳಲ್ಲಿ ಕೂತು ಡಿ ಆಂಜಾದಲ್ಲಿ (ಇಲ್ಲಿನ ಎರಡು ವರ್ಷದ ಕಾಲೇಜು) ಕೂಡಿಹಾಕಿದ ನನ್ನ 90 ಯೂನಿಟ್, ಅಂದರೆ ಓದಿ ಪಾಸಾದ ಪಾಠಗಳ ಲೆಕ್ಕ, ಅವರ ಪಟ್ಟಿಯಲ್ಲಿ 60 ಆಗಿತ್ತು. 30 ನುಂಗಿಬಿಟ್ಟರಲ್ಲ ಎಂದು ಎದೆ ಧಸಕ್ಕೆಂದಿತು. ಮಗಳು ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಅಮ್ಮಾ, ಅದು ವರ್ಷಕ್ಕೆ ಮೂರು ಕ್ವಾರ್ಟರಿನ ಲೆಕ್ಕ, ಇದು ವರ್ಷಕ್ಕೆ ಎರಡು ಸೆಮಿಸ್ಟರಿನ ಲೆಕ್ಕ. ಒಂದೂವರೆಯಿಂದ ಭಾಗಿಸು." ದಿನವಿಡೀ ಹಲ್ಲಿನ ಡಾಕ್ಟರ ಲೆಕ್ಕ ಬರೆಯುವವಳಿಗೆ ಇದು ಹೊಳೆಯಲಿಲ್ಲವಲ್ಲ!

ನಷ್ಟವಾದದ್ದು ಬೇರೆ. ನನ್ನ ಎರಡು ಅಕೌಂಟಿಂಗ್ ಕೋರ್ಸುಗಳನ್ನು ಕಡ್ಡಾಯ ವಿಷಯಗಳ ಬದಲು ಇಲೆಕ್ಟಿವ್, ಅಂದರೆ ಐಚ್ಛಿಕ ವಿಷಯಗಳ ಕಡೆಗೆ ತಳ್ಳಿದ್ದಾರೆ. ಡಿಗ್ರಿಗೆ ಬೇಕಾದ 120 ಯೂನಿಟ್ಟಿನಲ್ಲಿ ಸೇರುತ್ತವೆ, ಆದರೆ ಅದೇ ವಿಷಯವನ್ನು ಮತ್ತೆ ದುಡ್ಡು ಕೊಟ್ಟು ಓದಬೇಕು. ಗಾದೆ ತಿರುಗುಮುರುಗಾಗಿದೆ: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಡಿ ಆಂಜಾದಲ್ಲಿ ಯೂನಿಟ್ಟಿಗೆ 31 ಡಾಲರ್. ಪುಸ್ತಕ, ಸಣ್ಣಪುಟ್ಟ ಶುಲ್ಕಗಳ ಖರ್ಚು ಬಿಟ್ಟರೆ ಅರ್ಧ ಡಿಗ್ರಿ 3000 ಡಾಲರ್ ಒಳಗೇ ಮುಗಿದಿತ್ತು. ಉಳಿದರ್ಧ ಹೀಗೆ ಬರುವುದಿಲ್ಲ.

ಮಗಳದ್ದು ಒಂದೇ ಹಟ, ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಗೆ ಸೇರು ಎಂದು. ಅದೂ ಆನ್‌ಲೈನ್, 1997ರಲ್ಲಿ 19 ಗವರ್ನರುಗಳು ಸೇರಿ ಕಟ್ಟಿದ್ದು. ಅಲ್ಲಿ ಯೂನಿಟ್ಟಿಗಿಷ್ಟು ಎಂದಿಲ್ಲ, ಆರು ತಿಂಗಳಿಗಿಷ್ಟು. ಆ ಅವಧಿಯಲ್ಲಿ ಎಷ್ಟು ಪರೀಕ್ಷೆ ಪಾಸು ಮಾಡಿದರೂ ದುಡ್ಡು ಅಷ್ಟೇ. ಹಾಸನದ ಮೆಸ್ಸಿನ ತಿಂಗಳ ಚೀಟಿಯ ಹಾಗೆ, ಹೆಚ್ಚು ಉಂಡವನಿಗೆ ಲಾಭ. ನಾನು ನಿಧಾನವಾಗಿ ಉಣ್ಣುವವಳು ಎಂದರೆ ಅವಳಿಗೆ ನಗು.

ಇಷ್ಟೆಲ್ಲ ಬರೆಯಬೇಕೆಂದು ಕೂತದ್ದಲ್ಲ. ಫೋನ್ ಇಡುವ ಮುಂಚೆ ಆ ಕೌನ್ಸೆಲರ್ ಹುಡುಗಿ ಕೇಳಿದಳು, "ಇದಕ್ಕೂ ಮೊದಲು ಬೇರೆ ಎಲ್ಲಾದರೂ ಓದಿದ್ದೀರಾ?" ಇಂಡಿಯಾದಲ್ಲಿ ಎರಡು ವರ್ಷ ಬಿ.ಕಾಂ., ಮುಗಿಸಲಿಲ್ಲ ಎಂದೆ. "ಮುಗಿಸದಿದ್ದರೂ ಪರವಾಗಿಲ್ಲ" ಎಂದಳು. ಮದುವೆಯಾಗಿ ಬಂದ 2004ರಿಂದ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷದ ಕಾಲೇಜಿನಿಂದ ತರುವ ಯೂನಿಟ್ಟುಗಳಿಗೆ ಮಿತಿ ಇದೆಯಂತೆ (ನಮ್ಮ ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿಯೂ 70 ಸೆಮಿಸ್ಟರ್ ಯೂನಿಟ್ಟಿಗೆ ಬಾಗಿಲು ಹಾಕುತ್ತದೆ). ಆದರೆ ನನ್ನ ಬಿ.ಕಾಂ. ಮೈಸೂರು ವಿಶ್ವವಿದ್ಯಾನಿಲಯದ್ದು, ಆ ಮಿತಿಗೆ ಸೇರುವುದಿಲ್ಲ. ಒಂದು ಸೆಮಿಸ್ಟರಿನಷ್ಟು ಉಳಿದರೂ ಸಾಕು. ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಧಿಕೃತ ಅಂಕಗಳ ವಿವರ, ಮೈಸೂರಿನಿಂದಲೇ ಮೊಹರು ಹಾಕಿದ ಲಕೋಟೆಯಲ್ಲಿ ಬರಬೇಕು. ತಮ್ಮನನ್ನು ಓಡಾಡಿಸಬೇಕು.

ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬುಧವಾರ ಬೆಳಗಿನ ಒಂಬತ್ತು.

"ನನ್ನ ಅಂಕಪಟ್ಟಿ ಎಲ್ಲಾದರೂ ಇದೆಯೇನಮ್ಮ?"

"ಎಲ್ಲಾದರೂ ಏನು, ಬೀರುವಿನಲ್ಲೇ ಇದೆ. ನೀನು ಹೋದ ವರ್ಷವೇ ನಿಮ್ಮಪ್ಪ ಲ್ಯಾಮಿನೇಷನ್ ಮಾಡಿಸಿದ್ದರು."

"ಯಾಕೆ?"

"ಯಾಕೆ ಅಂದರೆ? ಹಾಳಾಗಬಾರದಲ್ಲ. ನನಗೆ ಕೈ ಮುಟ್ಟಲೂ ಬಿಡುತ್ತಿರಲಿಲ್ಲ."

ಅಪ್ಪ ಒಂದು ದಿನವೂ ನನ್ನೊಡನೆ ಆ ಓದಿನ ಮಾತೆತ್ತಲಿಲ್ಲ. ವಿಮಾನ ನಿಲ್ದಾಣದಲ್ಲೂ ಇಲ್ಲ, ಆಮೇಲೆ ಬಂದು ಮೂರು ತಿಂಗಳು ಇಲ್ಲಿದ್ದಾಗಲೂ ಇಲ್ಲ. ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ಆ ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಅರ್ಧ ಓದಿದ ಡಿಗ್ರಿಗೆ ಪ್ಲಾಸ್ಟಿಕ್ ಹೊದಿಸಿ ತಂದಿದ್ದಾರೆ.

ಲ್ಯಾಮಿನೇಷನ್ ಮಾಡಿದ ಮೂಲಪ್ರತಿಯ ಮೇಲೆ ಮೊಹರು ಒತ್ತುವುದಿಲ್ಲ ಎಂದು ತಮ್ಮ ಹೇಳುತ್ತಾನೆ. ಬಿಸಿ ಮಾಡಿ ಸುಲಿಯಬಹುದಂತೆ, ಅಕ್ಷರವೂ ಜೊತೆಗೆ ಎದ್ದು ಬಂದರೆ ಕೇಳಬೇಡ ಎಂದ. ಅಮ್ಮನಿಗೆ ಇದನ್ನು ಹೇಳಿಲ್ಲ.

ಫೋಟೊ ಬಂದಿದೆ. ಅಮ್ಮ ಟ್ಯೂಬ್‌ಲೈಟಿನ ಕೆಳಗೇ ಹಿಡಿದು ತೆಗೆದಿದ್ದಾಳೆ. ವ್ಯವಹಾರ ಕಾನೂನಿನ ಎದುರು 61 ಕಾಣುತ್ತದೆ, ಕಾಸ್ಟ್ ಅಕೌಂಟಿಂಗ್ ಎದುರು ಬರೀ ಬಿಳಿ ಬೆಳಕು. ದೀಪ ಆರಿಸಿ ಇನ್ನೊಮ್ಮೆ ತೆಗೆದು ಕಳಿಸಮ್ಮ ಎಂದು ಬರೆದೆ. ಇನ್ನೂ ನೋಡಿಲ್ಲ. ತರಕಾರಿಯವನು ಬಂದಿರಬೇಕು, ಇಲ್ಲವೇ ಅದನ್ನು ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕಿರಬೇಕು.