ಆಕ್ಟೇವಿಯಾ ಆರ್‌ಎಸ್: ಕೆಂಪು ಲೈಟಿನ ಕಥಿ ಮುಗೀತು (ಹೆಚ್ಚುಕಮ್ಮಿ)

ಕಡೀಕ ಸಿಕ್ತ್ ನೋಡ್ರಿ. ಎರಡು ತಿಂಗಳಿಂದ ನನ್ನ ಸ್ಕೋಡಾ ಆಕ್ಟೇವಿಯಾ ಕಾರಿನ ಆ ಕೆಂಪು ಎಣ್ಣಿ ಡಬ್ಬಿ ಲೈಟು (ಇಂಜಿನ್ ಎಣ್ಣಿ ಪ್ರೆಶರ್ ಕಮ್ಮಿ ಆದ್ರ ಹತ್ತೂದು), ಅದರ ಮೂರು ಬೀಪು ನನ್ನ ಜೀವಾ ತಿಂದಿತ್ತು, ರಾತ್ರಿ ಮನ್ಯಾಗ ಮೈಕ್ರೋವೇವ್ ಬೀಪ್ ಅಂದ್ರೂ ಎದ್ದು ಕುಂದರ್ತಿದ್ದೆ. ಈ ಸಲದ ಅಪ್ಡೇಟ್ ಪೂರಾ ಅದರದ್ದ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕಂಟ್ರೋಲ್ ಆರ್ಮ್ ಬುಶ್, ವ್ಯಾಕ್ಯೂಮ್ ಹೋಸು ಎಲ್ಲಾ ಆಗ್ಯಾವು, ಅದನ್ನ ನಿಮಗೇನ್ ಹೇಳೂದು, ನೀವೂ ಮಾಡೀರಿ, ನಿಮ್ಮ ಬೆರಳೂ ಕೆತ್ಯಾವು.

ಮತ್ತ ಹೋದ ಸಲ "ನಾಕು ಬಾಗಲದ ಗಾಡಿಗೆ ಸ್ಪೋರ್ಟ್ಸ್ ಕಾರ್ ಅಂತೀಯಲ್ಲೋ" ಅಂತ ಇಬ್ಬರು ಕಾಲೆಳದ್ರಿ. 2004ರ ಗಾಡಿ, 1.8 ಟರ್ಬೋ, 20 ವಾಲ್ವು, 150 ಪಿಎಸ್. ಡಿಕ್ಕಿಯಾಗ ಜೋಳದ ಚೀಲ ಹಿಡಿತಾವು ಖರೆ, ನಮ್ಮಪ್ಪಾರು ಹೊರಿಸ್ಯಾರ ಸೈತ. ಆದ್ರ ಮೂರನೇ ಗೇರ್‌ನ್ಯಾಗ ಟರ್ಬೋ ಎದ್ದ ಕೂಡ್ಲೇ ಆ ಚೀಲಾನೂ ಹಿಂದ ಸರೀತಾವು. ನನಗ ಅಷ್ಟ ಸಾಕು.

ಗಾಡಿ ತಗೊಂಡಾಗ ಒಳಗಿದ್ದದ್ದು 15ಡಬ್ಲ್ಯೂ-40, ಅದೂ ಟ್ರಕ್ಕಿಗೆ ಹಾಕೂ ಡೀಸೆಲ್ ಆಯಿಲ್. ಹಿಂದಿನ ಮಾಲಕ ಒಯ್ತಿದ್ದ ಗ್ಯಾರೇಜಿನಾಂವನ ಲೆಕ್ಕ ಏನಂದ್ರ ಟರ್ಬೋ ಅಂದ್ರ ಡೀಸೆಲ್, ಡೀಸೆಲ್ ಅಂದ್ರ ಆ ಡಬ್ಬಿ, ಮುಗೀತು. ಟರ್ಬೋದ ಶಾಫ್ಟು ನಿಮಿಷಕ್ಕ ಒಂದು ಲಕ್ಷದ ಮ್ಯಾಲ ತಿರುಗತೈತಿ, ತೇಲೂದು ಬರೇ ಎಣ್ಣಿ ಪದರದ ಮ್ಯಾಲ. ಘಾಟ್ ಹತ್ತಿ ಬಂದು ಟಪ್ಪಂತ ಚಾವಿ ತೆಗದ್ರ ಅಲ್ಲಿ ನಿಂತ ಎಣ್ಣಿ ಬಾಣಲಿ ತಳಕ್ಕ ಹತ್ತಿದಂಗ ಹತ್ತತೈತಿ, ಸಸ್ತಾ ಮಿನರಲ್ ಎಣ್ಣಿ ಆದ್ರಂತೂ ಇದ್ದಲೀನ. ವರ್ಷಗಟ್ಟಲೆ ಹಂಗ ಓಡಿದ ಇಂಜಿನ್ ಇದು. ಅದಕ್ಕ ನಾ ಏನ್ ಶಾಣ್ಯಾತನ ಮಾಡಿದೆ ಅಂದ್ರ, ಹಳೇ ಎಣ್ಣಿಗೆ ಇಂಜಿನ್ ಒಳಗಿನ ಹೊಲಸು ತೊಳಿಯೂ ಫ್ಲಶ್ ಬಾಟ್ಲಿ ಸುರುವಿ, ಹತ್ತು ನಿಮಿಷ ಐಡ್ಲಿಂಗ್ ಬಿಟ್ಟು, ಕರ್ರಗ ಡಾಂಬರಿನಂಥಾದ್ದು ಹೊರಗ ಬಂದದ್ದು ನೋಡಿ ಖುಷಿಯಿಂದ ಫೋಟೋ ಬ್ಯಾರೆ ಹೊಡ್ಕೊಂಡೆ. ಆ ಫೋಟೋ ನೆನಪಿಡ್ರಿ.

ಹೊಸಾ ಎಣ್ಣಿ ಆರಿಸೂದ್ರಾಗ ಒಂದು ವಾರ ಹೋತು. ಡಬ್ಬಿ ಮುಂದ ದೊಡ್ಡ ಅಕ್ಷರದಾಗ ರೇಸಿಂಗ್, ಅಲ್ಟ್ರಾ ಅಂತೆಲ್ಲಾ ಇರತೈತಿ, ಅದು ಹುಡುಗೂರಿಗೆ. ಓದೂದು ಹಿಂದಿನ ಇರಿವಿಯಂಥಾ ಅಕ್ಷರ. ಈ ಇಂಜಿನ್ನಿಗೆ ಬೇಕಾದದ್ದು ವಿಡಬ್ಲ್ಯೂ 502 00 (ಫೋಕ್ಸ್‌ವ್ಯಾಗನ್ ಕಂಪನಿಯ ಎಣ್ಣಿ ದರ್ಜೆ), ಮತ್ತ ಅದರ ಮುಂದ "ಅಪ್ರೂವ್ಡ್" ಅಂತ ಇರಬೇಕು, "ಮೀಟ್ಸ್" ಅಂತಿದ್ರ ಅದು ಡಬ್ಬಿಯಾಂವ ತನಗ ತಾನ ಕೊಟ್ಕೊಂಡ ಸರ್ಟಿಫಿಕೇಟು. ಜೋಡಿ ಯುರೋಪಿನ ಗಾಡಿ ಕಂಪನಿಗಳ ದರ್ಜೆ ಎಸಿಇಎ ಎ3/ಬಿ4 ಇದ್ರ ಇನ್ನೂ ಛಲೋ, ಯಾಕಂದ್ರ 150 ಡಿಗ್ರಿ ಕಾವಿನ್ಯಾಗ, ಬೇರಿಂಗಿನ ನಡುವ ತಿಕ್ಕಾಟದಾಗ ಪದರ ಎಷ್ಟು ದಪ್ಪ ಉಳೀತೈತಿ ಅನ್ನೂ ಟೆಸ್ಟ್‌ನ್ಯಾಗ 3.5ರ ಕೆಳಗ ಹೋಗಂಗಿಲ್ಲ ಅದು. ನಮಗ ಬೇಕಾದದ್ದು ಈ ನಂಬರು, ಮಂದಿ ಜಗಳಾಡೂದು ಡಬ್ಲ್ಯೂದ ಎಡಕ್ಕಿರೂ ಥಂಡಿ ನಂಬರಿನ ಮ್ಯಾಲ. ಡಿಸೆಂಬರ್‌ನ್ಯಾಗ ಬೆಳಗಾವಿ ಮಂದಿ ಮಂಕಿ ಟೋಪಿ ಹಾಕ್ಕೊಂಡು ನಡುಗೂದು 13-14 ಡಿಗ್ರಿಗೆ, 5ಡಬ್ಲ್ಯೂ ಎಣ್ಣಿಗೆ ಥಂಡಿ ಪರೀಕ್ಷಾ ಇಡೂದು ಮೈನಸ್ 30ಕ್ಕ. ಪಾಸ್ ಆಗೇತಿ ಬಿಡ್ರಿ ಅದು.

5ಡಬ್ಲ್ಯೂ-40 ಅಂತ ಆತು. ಬೇಕಾದದ್ದು ನಾಕೂವರಿ ಲೀಟರು, ಸಿಗೂದು ನಾಕು ಲೀಟರಿನ ಡಬ್ಬಿ ಒಂದು, ಒಂದು ಲೀಟರಿಂದು ಒಂದು. ಆನ್‌ಲೈನ್ ಅಂಗಡಿಯಾಂವ ಬಾಕ್ಸ್ ಕಳಿಸಿದ್ದ, ಬಾಗಲಾ ತೆಗದ್ರ ಕೊರಿಯರ್ ಹುಡುಗನ ಪ್ಯಾಂಟಿನ ಮ್ಯಾಲ ನನ್ನ ಎಣ್ಣಿ. ವಾಪಸ್ ಮಾಡಾಕ "ಒರಿಜಿನಲ್ ಪ್ಯಾಕಿಂಗ್‌ನ್ಯಾಗ ಕಳಿಸ್ರಿ" ಅಂತಾರ. ಒರಿಜಿನಲ್ ಪ್ಯಾಕಿಂಗ್ ಎಣ್ಣಿ ಕುಡ್ಕೊಂಡು ಮೆತ್ತಗಾಗಿ ಕುಂತಿತ್ತು.

ಇರ್ಲಿ. ಹಾಕಿದೆ, ಮೂರು ದಿನ ಗಾಡಿ ಬೆಣ್ಣಿಯಂಗ ಓಡ್ತು, ನಾಕನೇ ದಿನ ಜಾಂಬೋಟಿ ದಾಟಿ ಚೊರ್ಲಾ ಕಡೆ ಹೊಂಟಿದ್ದೆ, ಕಣಕುಂಬಿ ಹಂತೇಕ ಬೀಪ್ ಬೀಪ್ ಬೀಪ್, ಸ್ಟಾಪ್. ನಿಲ್ಲಿಸಿದೆ, ಚಾ ಕುಡದೆ, ಚಾಲೂ ಮಾಡಿದೆ, ಲೈಟಿಲ್ಲ. ಮತ್ತ ಎರಡೂವರಿ ಸಾವಿರ ಆರ್‌ಪಿಎಂ ದಾಟಿದ್ರ ಬೀಪ್. ಟೋ ಮಾಡಿಸ್ಕೊಂಡು ಬಂದೆ. ಲೈಟ್ ಹಚ್ಚೂ ಎಣ್ಣಿ ಪ್ರೆಶರ್ ಸ್ವಿಚ್ ಕೆಟ್ಟಿರಬೇಕಂತ ಹೊಸಾದು ಹಾಕಿದೆ (ಎಲ್ಲಾರೂ ಮೊದಲ ಮಾಡೂ ತಪ್ಪು ಇದು, ನಾನೂ ಮಾಡಿದೆ), ಬೀಪ್ ಹೋಗ್ಲಿಲ್ಲ.

ಹಂಗಾರ ಖರೇ ಪ್ರೆಶರ್ ನೋಡೂದ ಸೈ ಅಂತ ಮೆಕ್ಯಾನಿಕಲ್ ಗೇಜ್ ತರಿಸಿದೆ. ಸ್ವಿಚ್ಚಿನ ಥ್ರೆಡ್ ಎಂ10, ಪಿಚ್ 1 (10 ಎಂಎಂ ದಪ್ಪ, ಸುತ್ತಿನಿಂದ ಸುತ್ತಿಗೆ 1 ಎಂಎಂ). ಅಡಾಪ್ಟರ್ ಪಾಕೀಟಿನ ಮ್ಯಾಲೂ ಹಂಗ ಬರದಿತ್ತು. ಎರಡು ಸುತ್ತು ಆರಾಮ ಹೋತು, ಮೂರನೇದ್ದಕ್ಕ ಬಿಗಿ ಆತು, ನನ್ನ ಪುಣ್ಯಾ, ಅಲ್ಲೇ ನಿಲ್ಲಿಸಿ ಪಿಚ್ ಗೇಜ್ ಹಚ್ಚಿ ನೋಡಿದ್ರ ಅದು ಎಂಟರಲ್ಲೊಂದು ಇಂಚಿನ ಎನ್‌ಪಿಟಿ, ಅಮೆರಿಕಾದ ಪೈಪ್ ಥ್ರೆಡ್. ನೋಡಾಕ ಅಣ್ಣತಮ್ಮರಂಗ ಇರತಾವು ಎರಡೂ, ಆದ್ರ ಒಂದರ ಮನ್ಯಾಗ ಇನ್ನೊಂದು ಹೊಕ್ಕರ ಅಲ್ಯೂಮಿನಿಯಂ ಫಿಲ್ಟರ್ ಹೌಸಿಂಗ್ ಗತಿ ಗೋವಿಂದ. ಸಪ್ಲಾಯರಿಗೆ ಫೋನ್ ಮಾಡಿದ್ರ "ಸರ್, ಟೆಫ್ಲಾನ್ ಟೇಪ್ ಸುತ್ರಿ, ಕುಂದರತೈತಿ" ಅಂದ. ಟೇಪ್ ಅವನ ಬಾಯಿಗೆ ಸುತ್ತಬೇಕು ಅನ್ನಿಸ್ತು.

ಉದ್ಯಮಬಾಗಿಗೆ ಹೋದೆ. ಅಲ್ಲಿ ಒಬ್ಬ ಲೇಥಿನ ಕಾಕಾ ಅದಾರ, ಹಳೇ ಸ್ವಿಚ್ ಕೈಯಾಗ ಹಿಡದು ತಿರುವಿ ನೋಡಿ ಹಿತ್ತಾಳಿ ಸಳಿಯಿಂದ ಅಡಾಪ್ಟರ್ ತೆಗದುಕೊಟ್ರು, ನೂರೈವತ್ತು ರೂಪಾಯಿ, ಚಾ ಅವರದ್ದ.

ಗೇಜ್ ಹಾಕಿದ್ರ ಬಿಸಿ ಐಡ್ಲಿಂಗ್‌ನ್ಯಾಗ 1.2 ಬಾರ್, 3000ಕ್ಕ ಏರಿಸಿದ್ರ 1.0. ಏರೂ ಬದ್ಲಿ ಇಳೀತು! ನಾ ಅವತ್ತ ಇದನ್ನ ನೋಡೀನಿ, ಪುಸ್ತಕದಾಗ ಬರದೀನಿ, ಆದ್ರ ತಲ್ಯಾಗ ಇಳಿದಿಲ್ಲ. ಯಾಕಂದ್ರ ಸುತ್ತಲಿನಾವರೆಲ್ಲಾ ಒಂದ ಹಾಡು, ಇಂಜಿನ್ ಹಳೇದಾತು, ದಪ್ಪನ್ನ ಎಣ್ಣಿ ಹಾಕು. ಹಾಕಿದೆ. 10ಡಬ್ಲ್ಯೂ-60. 100 ಡಿಗ್ರಿಯಾಗ 40ರ ಎಣ್ಣಿ 12.5ರಿಂದ 16.3 ಸೆಂಟಿಸ್ಟೋಕ್ ಒಳಗ ಇರತೈತಿ, 60ರದ್ದು 21.9ರ ಮ್ಯಾಲ, ಅಂದ್ರ ಹೆಚ್ಚುಕಮ್ಮಿ ಒಂದೂವರಿ ಪಟ್ಟು ದಪ್ಪ. ರೊಕ್ಕಾನೂ ಒಂದೂವರಿ ಪಟ್ಟು. ಮುಂಜಾನೆ ಥಂಡಿ ಇಂಜಿನ್, ಚಾವಿ ಕೊಟ್ಟೆ, ಮುಳ್ಳು 4ಕ್ಕ ಹೋತು, ನನ್ನ ಮುಖಾ ಅರಳ್ತು, ಎಕ್ಸಲೇಟರ್ ಮುಟ್ಟಿದೆ, ಮುಳ್ಳು ಗಡಗಡ ನಡಗಿ 1ರ ಕೆಳಗ. ಬಿಸಿ ಎಣ್ಣಿಯಾಗಷ್ಟ ಬರ್ತಿದ್ದ ಬೀಪು ಈಗ ಥಂಡಿಯೊಳಗೂ ಚಾಲೂ.

ಸೀದಾ ಕಾಕಾರ ಕಡೆ. "ಕಾಕಾ, ದಪ್ಪ ಎಣ್ಣಿ ಹಾಕಿದ್ರ ಪ್ರೆಶರ್ ಕಮ್ಮಿ ಆಗೇತ್ರಿ, ಇದೆಂಥಾ ಉಲ್ಟಾ?" ಅವರು ಲೇಥ್ ಬಂದ್ ಮಾಡ್ಲೇ ಇಲ್ಲ. "ತಮ್ಮಾ, ನೀ ಸ್ಟ್ರಾ ಹಾಕಿ ಮಜ್ಜಿಗಿ ಕುಡೀಬಹುದು, ಅಂಬಲಿ ಕುಡದ ತೋರಸ್ ನೋಡೂಣು" ಅಂದ್ರು.

ಅಲ್ಲೇ ನಿಂತಲ್ಲೇ ಹೊಳೀತು. ಬೇರಿಂಗ್ ಸವದಿದ್ರ ಎಣ್ಣಿ ಸೋರಿ ಹೋಗೂದು ಪಂಪಿನ ಮುಂದ, ಅಂಥಾದಕ್ಕ ದಪ್ಪ ಎಣ್ಣಿ ಹಾಕಿದ್ರ ಪ್ರೆಶರ್ ಏರಬೇಕು, ರೇಸ್ ಮಾಡಿದ್ರೂ ಏರಬೇಕು. ನಂದು ಎರಡಕ್ಕೂ ಇಳ್ಯಾಕತ್ತಿತ್ತು. ಅಂದ್ರ ತಕರಾರು ಪಂಪಿನ ಹಿಂದ, ಎಣ್ಣಿ ಜಗ್ಗೂ ಬಾಯಾಗ.

ಸಂಪ್ (ಇಂಜಿನ್ ತಳದಾಗಿನ ಎಣ್ಣಿ ತೊಟ್ಟಿ) ಇಳಿಸಾಕ ಸೀಲಂಟ್ ಬರಲಿ ಅಂತ ಒಂದು ವಾರ ಕಾದೆ, ಆ ವಾರದಾಗ ಒಂದು ಘಾತ ಆತು. ಗೋವಾ ಕಡೆ ಒಂದು ಶೆಡ್ಡಿನ್ಯಾಗ ತಾಡಪತ್ರಿ ಕೆಳಗ ಸ್ಯಾನ್ ಸ್ಟಾರ್ಮ್ ಐತಿ ಅಂತ ಗೆಳ್ಯಾ ಫೋಟೋ ಕಳಿಸಿದ. ಗೋವಾದಾಗ ತಯಾರಾಗ್ತಿದ್ದ ನಮ್ಮ ದೇಶದ್ದ ಗಾಡಿ, ಫೈಬರ್ ಬಾಡಿ, ರೆನೋದ 1149 ಸಿಸಿ ಇಂಜಿನ್ನು, 60 ಹಾರ್ಸ್‌ಪವರ್. ಟರ್ಬೋ ಇಲ್ಲ, ಆದ್ರ ಎರಡ ಸೀಟು, ಮ್ಯಾಲ ಛಾವಣಿ ತೆಗೀಬಹುದು, ಜೋಳ ಹೊರಸಾಕ ಬರಂಗಿಲ್ಲ, ಈಗರೆ ಯಾರೂ ಬಾಗಲಾ ಎಣಸಂಗಿಲ್ಲ. ಮನಿಯಾಕಿಗೆ ಫೋಟೋ ತೋರಿಸಿದೆ. "ಮೊದಲ ಇದರ ಹೊಟ್ಟಿ ಹೊಲೀರಿ" ಅಂದ್ಲು. ನ್ಯಾಯಾನ ಐತಿ.

ಸಂಪ್ ಬೋಲ್ಟೆಲ್ಲಾ ಸಸಾರ, ಗೇರ್‌ಬಾಕ್ಸ್ ಕಡೆ ಅಡಗಿ ಕುಂತ ಎರಡು ಬಿಟ್ಟು. ಅವಕ್ಕ ಉದ್ದನ್ನ ಬಾಲ್-ಎಂಡ್ ಅಲೆನ್ ಕೀ ಇಲ್ದ ಕೈ ಹಾಕಬ್ಯಾಡ್ರಿ. ರಾತ್ರಿ ಹನ್ನೊಂದಕ್ಕ ಸಂಪ್ ಬಿಚ್ಚಿ, ಟಾರ್ಚ್ ಹಿಡದು ಮ್ಯಾಲ ನೋಡಿದ್ರ ಸ್ಟ್ರೇನರ್ ಜಾಳಿಗಿ ಕಾಣ್ಸೂದ ಇಲ್ಲ. ಉಗುರಿಲೆ ಕೆರದೆ, ಕರೇ ಕರೇ ಕಾಳು ಅಂಗೈಮ್ಯಾಗ ಬಿದ್ದು, ಅಗದೀ ಗುರೆಳ್ಳ ಚಟ್ನಿಪುಡಿ ನೋಡ್ರಿ, ರೊಟ್ಟಿ ಒಂದ ಕಮ್ಮಿ. ನಡುವ ಕೇಸರಿ ಬಣ್ಣದ ಶಾವಿಗಿಯಂಗ ಎಳಿ ಬ್ಯಾರೆ, ಹಿಂದ ಯಾರೋ ಕೈಬಿಚ್ಚಿ ಮೆತ್ತಿದ ಸಿಲಿಕಾನು. ಕಾಳು ಹಳೇ ಎಣ್ಣಿ ಮಾಡಿದ್ದು ಖರೆ, ಆದ್ರ ಅವು ಮೂಲಿಯಾಗ ತಮ್ಮಷ್ಟಕ್ಕ ತಾವು ಮಲಗಿದ್ದು. ಎಬ್ಬಿಸಿ ಜಾಳಿಗಿಗೆ ತಂದು ಕುಂದ್ರಿಸಿದ್ದು ನನ್ನ ಫ್ಲಶ್ ಬಾಟ್ಲಿ. ಆ ಫೋಟೋ ಡಿಲೀಟ್ ಮಾಡೀನಿ.

ಹೊಸಾ ಸ್ಟ್ರೇನರ್, ಹೊಸಾ ಓ-ರಿಂಗ್, ಸೀಲಂಟ್ ಎರಡ-ಮೂರು ಎಂಎಂ ದಾರದಂಗ ಅಷ್ಟ (ಹೆಚ್ಚಾದ್ರ ಒಳಗ ಉಚ್ಚಿ ಬಿದ್ದು ಮತ್ತ ಅದ ಶಾವಿಗಿ). ಎಣ್ಣಿ ವಾಪಸ್ 5ಡಬ್ಲ್ಯೂ-40, 502 00. ಒಳಗ ಇನ್ನೂ ಕಾಳು ಇದ್ದ ಇರತಾವಂತ ಮೊದಲನೇದ್ದು ಸಾವಿರ ಕಿಲೋಮೀಟರಿಗೆ ಚೆಲ್ಲೂದು, ಆಮ್ಯಾಲ ಐದೈದು ಸಾವಿರಕ್ಕ. 10ಡಬ್ಲ್ಯೂ-60 ನಲವತ್ತು ಕಿಲೋಮೀಟರ್ ಓಡಿದ್ದು ಡಬ್ಬ್ಯಾಗ ಕುಂತೈತಿ, ಅಪ್ಪಾರು ಹೊಲದ ಗೇಟಿನ ಬಿಜಾಗರಕ್ಕ ಹಾಕ್ತಾರಂತ, ಬೆಳಗಾವಿ ಜಿಲ್ಲಾದಾಗ ಅಷ್ಟು ತುಟ್ಟಿ ಬಿಜಾಗರ ಬ್ಯಾರೆ ಇರಲಿಕ್ಕಿಲ್ಲ.

ಇವತ್ತ ಮುಂಜಾನೆ ಕಣಕುಂಬಿ ಮಟ ಹೋಗಿ ಅದ ಚಾದಂಗಡಿ ಮುಂದ ನಿಲ್ಲಿಸಿ ನೋಡಿದೆ: ಬಿಸಿ ಐಡ್ಲಿಂಗ್ 1.7, 3000ಕ್ಕ 3.9, ಮುಳ್ಳು ಮೊಳೆ ಹೊಡದಂಗ ನಿಂತಿತ್ತು. ಚಾವಿ ತೆಗಿಯೂಕಿಂತ ಮೊದಲ ಒಂದು ನಿಮಿಷ ಸುಮ್ಮ ಓಡಾಕ ಬಿಟ್ಟೆ, ಚಾದಾಂವ "ಸಾಹೇಬ್ರ, ಪೆಟ್ರೋಲ್ ಸುಡತೈತಿ" ಅಂದ.

ಮನಿಗೆ ಬಂದು ಗಾಡಿ ಕೆಳಗ ಪೇಪರ್ ಹಾಸಿದ್ದೆ. ಈಗ ನೋಡಿ ಬಂದೆ, ಗೇರ್‌ಬಾಕ್ಸ್ ಕಡೆ ಮೂಲ್ಯಾಗ, ಆ ಎರಡು ಬೋಲ್ಟಿನ ಕೆಳಗ, ಒಂದು ರೂಪಾಯಿ ನಾಣ್ಯದಷ್ಟು ಕಲಿ.