ಆಟಗಾರರಿಗೆ ದಿನಾ ಅಷ್ಟು ಹುರುಪು ಎಲ್ಲಿಂದ ಬರುತ್ತದೆ?

ನಾನು ಆಟಗಳ ಬಗ್ಗೆ ಬರೆಯುತ್ತೇನೆ ಎಂದು ಗೊತ್ತಾದ ಕೂಡಲೇ ಬಹಳ ಜನ ಕೇಳುವ ಪ್ರಶ್ನೆ ಇದು. ದೊಡ್ಡ ಆಟಗಾರರಿಗೆ ವರ್ಷಗಟ್ಟಲೆ ಹುರುಪು ಬತ್ತುವುದೇ ಇಲ್ವಾ? ಸೋತಾಗ, ಗಾಯವಾದಾಗ, ಸಾವಿರಾರು ಜನ ಕೂಗುತ್ತಿರುವಾಗ ಅವರ ಮನಸ್ಸು ಹೇಗೆ ಗಟ್ಟಿಯಾಗಿ ನಿಲ್ಲುತ್ತದೆ?

ಹುರುಪು ಬತ್ತುತ್ತದೆ. ಎಲ್ಲರಿಗೂ. ಮೈದಾನದ ಕಡೆ ಮುಖ ಹಾಕಲೂ ಬೇಜಾರಾಗುವ ದಿನಗಳು ಪದಕ ಗೆದ್ದವರಿಗೂ ಬರುತ್ತವೆ. ಆದರೆ ಅವತ್ತು ಮನಸ್ಸಿದೆಯೋ ಇಲ್ಲವೋ ಎಂದು ನೋಡಿಕೊಂಡು ಅವರು ಕೆಲಸಕ್ಕೆ ಇಳಿಯುವುದಿಲ್ಲ. ನಾವು ಮನೋಬಲ ಎಂದು ಕರೆಯುವುದರಲ್ಲಿ ಬಹುಪಾಲು ಅಭ್ಯಾಸದಿಂದ ಬಂದದ್ದು ಎಂದು ನಾನು ನಂಬಿದ್ದೇನೆ. ತಪ್ಪಾದ ಮೇಲೆ ಮುಂದಿನ ಚೆಂಡಿಗೆ ಮನಸ್ಸನ್ನು ವಾಪಸ್ ತರುವುದನ್ನು ಕೂಡ ಅವರು ಸರ್ವ್ ಕಲಿತಷ್ಟೇ ಶ್ರದ್ಧೆಯಿಂದ ಕಲಿತಿರುತ್ತಾರೆ.

ಟೆನಿಸ್ ಆಟಗಾರ ರೋಜರ್ ಫೆಡರರ್ 2024ರಲ್ಲಿ ಒಂದು ಕಾಲೇಜಿನ ಭಾಷಣದಲ್ಲಿ ತಮ್ಮದೇ ಲೆಕ್ಕ ಮುಂದಿಟ್ಟರು. ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಅವರು ಗೆದ್ದದ್ದು ಹತ್ತಿರ ಹತ್ತಿರ ಶೇ. 80. ಆದರೆ ಆ ಪಂದ್ಯಗಳ ಪಾಯಿಂಟ್‌ಗಳಲ್ಲಿ ಗೆದ್ದದ್ದು ಶೇ. 54 ಮಾತ್ರ. ಯೋಚನೆ ಮಾಡಿ, ಅಷ್ಟು ದೊಡ್ಡ ಆಟಗಾರ ಕೂಡ ಸುಮಾರು ಅರ್ಧದಷ್ಟು ಪಾಯಿಂಟ್ ಸೋತಿದ್ದಾರೆ! ಸೋತ ಪ್ರತಿ ಪಾಯಿಂಟನ್ನೂ ತಲೆಯಲ್ಲಿ ಹೊತ್ತುಕೊಂಡಿದ್ದರೆ ಒಂದು ಸೆಟ್ ಮುಗಿಸುವುದೂ ಕಷ್ಟವಾಗುತ್ತಿತ್ತು.

ಟೆನಿಸ್‌ನಲ್ಲಿ ಒಂದು ಪಾಯಿಂಟ್ ಮುಗಿದು ಮುಂದಿನ ಸರ್ವ್‌ಗೆ 25 ಸೆಕೆಂಡ್ ಸಮಯ ಇರುತ್ತದೆ. ಮನಸ್ಸಿನ ಆಟವೆಲ್ಲ ಅಲ್ಲೇ ನಡೆಯುವುದು. ಒಬ್ಬರು ಟವೆಲ್ ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ರಾಕೆಟ್‌ನ ತಂತಿ ಸರಿಮಾಡುತ್ತಾರೆ. ರಫೆಲ್ ನಡಾಲ್ ವಿರಾಮದಲ್ಲಿ ನೀರಿನ ಬಾಟಲಿಗಳನ್ನು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಜೋಡಿಸುತ್ತಿದ್ದರು. ನೋಡಿದವರು ಮೂಢನಂಬಿಕೆ ಅಂದುಕೊಂಡರು. ಅವರು ಕೊಟ್ಟ ವಿವರಣೆ ಬೇರೆ: ಸುತ್ತಲಿನ ವಸ್ತುಗಳನ್ನು ಒಪ್ಪವಾಗಿಟ್ಟರೆ ತಲೆಯೂ ಒಪ್ಪವಾಗುತ್ತದೆ ಎಂದು. ನನಗೆ ಇದು ತುಂಬ ಸರಿ ಅನ್ನಿಸುತ್ತದೆ. ಕೈಗೆ ಗೊತ್ತಿರುವ ಕೆಲಸ ಕೊಟ್ಟರೆ ಮನಸ್ಸಿಗೆ ಹಿಂದಿನ ತಪ್ಪನ್ನು ಕೆದಕಲು ಜಾಗ ಕಡಿಮೆ.

ಒತ್ತಡದಲ್ಲಿ ಶಾಂತವಾಗಿರುವುದಕ್ಕೆ ನನಗೆ ತಕ್ಷಣ ನೆನಪಾಗುವುದು ಈಜುಗಾರ ಮೈಕೆಲ್ ಫೆಲ್ಪ್ಸ್. 2008ರ ಬೀಜಿಂಗ್ ಒಲಿಂಪಿಕ್ಸ್, 200 ಮೀಟರ್ ಬಟರ್‌ಫ್ಲೈ ಫೈನಲ್. ನೀರಿಗೆ ಹಾರಿದಾಗಲೇ ಗಾಗಲ್ಸ್ ಒಳಗೆ ನೀರು ಸೋರತೊಡಗಿತು. ಕೊನೆಯ 100 ಮೀಟರ್ ಹೊತ್ತಿಗೆ ಅವರಿಗೆ ಗೋಡೆಯೂ ಕಾಣುತ್ತಿರಲಿಲ್ಲ, ಪಕ್ಕದವರೂ ಕಾಣುತ್ತಿರಲಿಲ್ಲ. ಅವರು ಕೈ ಬೀಸುವುದನ್ನು ಎಣಿಸುತ್ತಾ ಈಜಿದರು. ಕೊಳದ ಒಂದು ಉದ್ದಕ್ಕೆ ಎಷ್ಟು ಸಲ ಕೈ ಬೀಸಬೇಕು ಎಂಬುದು ಅಭ್ಯಾಸದಿಂದ ಗೊತ್ತಿತ್ತು. 1 ನಿಮಿಷ 52.03 ಸೆಕೆಂಡ್, ವಿಶ್ವದಾಖಲೆ, ಚಿನ್ನ. ಕೋಚ್ ಬಾಬ್ ಬೋಮನ್ ಫೆಲ್ಪ್ಸ್‌ಗೆ ಚಿಕ್ಕಂದಿನಿಂದ ಒಂದು ಅಭ್ಯಾಸ ಮಾಡಿಸಿದ್ದರು: ಮಲಗುವ ಮುಂಚೆ ಇಡೀ ರೇಸನ್ನು ಕಣ್ಣು ಮುಚ್ಚಿ ನೋಡುವುದು. ಚೆನ್ನಾಗಿ ನಡೆದ ರೇಸ್ ಅಷ್ಟೇ ಅಲ್ಲ, ಎಡವಟ್ಟಾದ ರೇಸ್ ಕೂಡ. ಗೆದ್ದ ಚಿತ್ರವನ್ನು ಕಲ್ಪಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ, ಅಲ್ವಾ? ನನ್ನ ಪ್ರಕಾರ ಹೆಚ್ಚು ಉಪಯೋಗಕ್ಕೆ ಬರುವುದು ಕೆಟ್ಟು ಹೋದ ರೇಸನ್ನು ನೋಡಿ, ಆಗ ಏನು ಮಾಡುತ್ತೇನೆ ಎಂದು ಮೊದಲೇ ತೀರ್ಮಾನಿಸಿಕೊಳ್ಳುವುದು.

ಇನ್ನು ಆತ್ಮವಿಶ್ವಾಸ. ಸ್ಫೂರ್ತಿಯ ಮಾತಿನಿಂದ ಅದು ಬರುತ್ತದೆ ಎಂದು ನಂಬುವವರು ಜಾಸ್ತಿ. ವಿರಾಟ್ ಕೊಹ್ಲಿ 2014ರ ಇಂಗ್ಲೆಂಡ್ ಪ್ರವಾಸದ 10 ಟೆಸ್ಟ್ ಇನಿಂಗ್ಸ್‌ಗಳಲ್ಲಿ ಗಳಿಸಿದ್ದು 134 ರನ್. ಆ ಪ್ರವಾಸದಲ್ಲಿ ತಾವು ಖಿನ್ನರಾಗಿದ್ದೆವು, ತಂಡದ ಮಧ್ಯೆ ಇದ್ದೂ ಒಂಟಿ ಅನ್ನಿಸುತ್ತಿತ್ತು ಎಂದು ಆಮೇಲೆ ಅವರೇ ಹೇಳಿದರು. ವಾಪಸ್ ಬಂದು ಸಚಿನ್ ತೆಂಡೂಲ್ಕರ್ ಹತ್ತಿರ ಹೋದರು, ನಿಲ್ಲುವ ಭಂಗಿಯನ್ನು ತಿದ್ದಿಕೊಂಡರು, ನೆಟ್ಸ್‌ನಲ್ಲಿ ಬೆವರು ಹರಿಸಿದರು. 2018ರಲ್ಲಿ ಅದೇ ಇಂಗ್ಲೆಂಡ್‌ನಲ್ಲಿ 593 ರನ್ ಬಂತು. ಆಫ್ ಸ್ಟಂಪ್ ಆಚೆಯ ಚೆಂಡನ್ನು ಆಡಲು ಗೊತ್ತಾದ ಮೇಲೆ ಭಯಕ್ಕೆ ಕಾರಣವೇ ಕಡಿಮೆಯಾಗುತ್ತದೆ. ಮನಸ್ಸು ಕುಸಿದಿದೆ ಎಂದು ನಾವು ತಿಳಿದ ಎಷ್ಟೋ ಕಡೆ ಕೆಲಸ ಬೇಕಾಗಿರುವುದು ಆಟದಲ್ಲೇ.

ವರ್ಷಗಟ್ಟಲೆ ಮುಂದುವರಿಯುವುದು ಹೇಗೆ ಎಂದರೆ, ಒಬ್ಬರೇ ಮುಂದುವರಿಯುವುದು ಕಡಿಮೆ. ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್‌ಚೋಗೆ ಎರಡು ಒಲಿಂಪಿಕ್ ಚಿನ್ನ ಗೆದ್ದವರು. ಕೀನ್ಯಾದ ಕಪ್ಟಗಾಟ್ ಶಿಬಿರದಲ್ಲಿ ಇತರರ ಜೊತೆ ಇದ್ದು ಓಡುತ್ತಿದ್ದರು. ಅಲ್ಲಿ ಸರದಿ ಬಂದಾಗ ಶೌಚಾಲಯವನ್ನೂ ತೊಳೆಯುತ್ತಿದ್ದರು. ಪ್ರತಿದಿನದ ಓಟವನ್ನು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಬೆಳಗಿನ ಜಾವ ಹತ್ತಾರು ಜನ ಶೂ ಕಟ್ಟುತ್ತಿರುವಾಗ ಹೋಗಲೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಗೆದ್ದ ಮೇಲೆ ಏನಾಗುತ್ತದೆ ಎಂದು ಯಾರೂ ನನ್ನನ್ನು ಕೇಳುವುದಿಲ್ಲ. ಕೇಳಬೇಕು. 2008ರ ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಆಮೇಲೆ ತಮಗೆ ಕಾಡಿದ ಖಾಲಿತನದ ಬಗ್ಗೆ ಮನಬಿಚ್ಚಿ ಮಾತಾಡಿದ್ದಾರೆ. ಒಲಿಂಪಿಕ್ಸ್ ಮುಗಿದಾಗಲೆಲ್ಲ ಖಿನ್ನತೆ ಆವರಿಸುತ್ತಿತ್ತು ಎಂದು ಫೆಲ್ಪ್ಸ್ ಹೇಳಿದ್ದಾರೆ. ಇಡೀ ಬದುಕನ್ನೇ ಒಂದು ದಿನಕ್ಕಾಗಿ ಕಟ್ಟಿಕೊಂಡವರಿಗೆ ಮರುದಿನ ಬೆಳಿಗ್ಗೆ ಎದ್ದು ಮಾಡಲು ಏನೂ ಇರುವುದಿಲ್ಲ.

ಹಾಗಾಗಿಯೇ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಬಗ್ಗೆ ನನಗೆ ಅಪಾರ ಗೌರವ. 2021ರಲ್ಲಿ ಟೋಕಿಯೋದ ತಂಡ ಫೈನಲ್‌ನಲ್ಲಿ ವಾಲ್ಟ್ (ಓಡಿ ಬಂದು ಮೇಜಿನ ಮೇಲಿಂದ ಹಾರುವ ಕಸರತ್ತು) ಮಾಡುವಾಗ ಅವರು ಎರಡೂವರೆ ಸುತ್ತು ತಿರುಗಬೇಕಿತ್ತು, ಒಂದೂವರೆಗೇ ನಿಂತರು. ಗಾಳಿಯಲ್ಲಿ ತಾವು ಎಲ್ಲಿದ್ದೇವೆ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಮುಂದುವರಿದಿದ್ದರೆ ಕುತ್ತಿಗೆ ಮುರಿಯಬಹುದಿತ್ತು. ಹಿಂದೆ ಸರಿದರು. ಹೇಡಿ ಎಂದು ಬೈದವರು ಬೇಕಾದಷ್ಟು ಜನ. ಆಪ್ತಸಲಹೆ ಪಡೆಯುತ್ತಾ, ನಿಧಾನವಾಗಿ ಅಭ್ಯಾಸಕ್ಕೆ ಮರಳಿ, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ತಂಡ ಫೈನಲ್‌ನ ದಿನವೂ ಬೆಳಿಗ್ಗೆ ಚಿಕಿತ್ಸಕರ ಜೊತೆ ಮಾತಾಡಿಯೇ ಬಂದಿದ್ದರು.

ಹುರುಪಿನ ಬಗ್ಗೆ ಜನ ಕೇಳುವ ಪ್ರಶ್ನೆಯ ಹಿಂದೆ ಎಷ್ಟೋ ಸಲ ಒಂದು ಮಗು ಇರುತ್ತದೆ. ಮಗಳು ಸೋತರೆ ಅಳುತ್ತಾಳೆ, ಗಟ್ಟಿ ಮಾಡುವುದು ಹೇಗೆ ಎನ್ನುತ್ತಾರೆ ತಂದೆತಾಯಿ. ಅವತ್ತು ಅಳಲಿ ಬಿಡಿ, ಪಂದ್ಯದ ಮಾತು ಎತ್ತಬೇಡಿ. ಮರುದಿನ ಯಾವ ಹೊಡೆತ ಅಭ್ಯಾಸ ಮಾಡಬೇಕು ಅನ್ನಿಸುತ್ತಿದೆ ಎಂದು ಅವಳನ್ನೇ ಕೇಳಿ. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ, ಆಟದ ಹೆಸರು ಕೇಳಿದರೇ ಹೆದರುತ್ತಿದ್ದರೆ, ಕೋಚ್ ಬದಲಾಯಿಸುವ ಮುಂಚೆ ಒಬ್ಬ ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋಗಿ.