ಹಂಚಿನ ಕಾರ್ಖಾನೆಯ ಮಗ್ಗುಲಿನ ಶಾಲೆ

ಮಂಗಳೂರಿನ ಜೆಪ್ಪುವಿನ ನಮ್ಮ ಶಾಲೆಯ ಹಿಂದೆ, ಹೊಳೆಯ ಕಡೆಗೆ, ಈಗ ಕೆಳಗೆ ಅಂಗಡಿ ಸಾಲು, ಮೇಲೆ ಫ್ಲ್ಯಾಟುಗಳಿರುವ ದೊಡ್ಡ ಕಟ್ಟಡವಿದೆ. ನಾವು ಓದುವಾಗ ಅಲ್ಲಿ ಹಂಚಿನ ಕಾರ್ಖಾನೆ ಇತ್ತು. ನನ್ನ ಅಮ್ಮ ಅಲ್ಲಿ ದುಡಿದೇ ನನ್ನನ್ನು ಓದಿಸಿದವಳು. ನನ್ನ ತರಗತಿಯ ಹಲವರ ಮನೆಯ ಒಲೆ ಉರಿದದ್ದೂ ಆ ಕೂಲಿಯಿಂದಲೇ. ಶಾಲೆಯ ಸಂಚಿಕೆಯಲ್ಲಿ ಆ ಜಾಗಕ್ಕೂ ಒಂದು ಪುಟ ಸಲ್ಲಬೇಕು.

ಮಂಗಳೂರು ಹಂಚು ಹುಟ್ಟಿದ್ದೇ ನಮ್ಮ ಜೆಪ್ಪುವಿನಲ್ಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಕ್ರೈಸ್ತರಾದ ಮೇಲೆ ಮನೆ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ದುಡಿಮೆಯ ದಾರಿ ತೋರಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು. ನೇಯ್ಗೆ, ಮುದ್ರಣ ಶುರುವಾದವು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಒಳ್ಳೆಯ ಆವೆಮಣ್ಣು ಇತ್ತು, ಸಾಗಿಸಲು ದೋಣಿಗಳಿದ್ದವು, ಬಂದರು ಕೂಗಳತೆಯಲ್ಲಿತ್ತು. ಊರಿನವರೂ ಈ ಉದ್ಯಮಕ್ಕೆ ಕೈಹಾಕಿ, ಬೋಳಾರ, ಹೊಯಿಗೆ ಬಜಾರ್ ಕಡೆಯೆಲ್ಲ ಹೊಗೆಗೂಡುಗಳು ಎದ್ದವು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು.

ನಮ್ಮ ಪಕ್ಕದ ಕಾರ್ಖಾನೆ ಅಷ್ಟು ದೊಡ್ಡದೇನಲ್ಲ, ಊರಿನವರದ್ದೇ. ಅದರ ಒಳಗನ್ನು ನಾನು ಬಲ್ಲೆ, ಮಧ್ಯಾಹ್ನ ಅಮ್ಮನಿಗೆ ಬುತ್ತಿ ಕೊಡಲು ಹೋಗುತ್ತಿದ್ದೆ. ಮಳೆ ಹಿಡಿಯುವ ಮೊದಲೇ ದೋಣಿಯಲ್ಲಿ ತಂದ ಮಣ್ಣು ಗುಡ್ಡದಂತೆ ರಾಶಿ ಬಿದ್ದಿರುತ್ತಿತ್ತು. ಅದನ್ನು ನೀರುಣಿಸಿ ಅರೆದು, ಹಲಗೆಯಾಗಿ ಕತ್ತರಿಸಿ, ಎಣ್ಣೆ ಸವರಿ ಅಚ್ಚಿಗೆ ಕೊಡುವರು. ಅಚ್ಚು ಒತ್ತಿ ಎದ್ದಾಗ ಹಸಿ ಹಂಚನ್ನು ಎರಡೂ ಅಂಗೈಯಲ್ಲಿ ಎತ್ತಿ, ಅಂಚಿನ ಹೆಚ್ಚುವರಿ ಮಣ್ಣನ್ನು ತೆಗೆದು ನೆರಳಿನ ತಟ್ಟಿಗೆ ಏರಿಸುವುದು ಹೆಂಗಸರ ಕೆಲಸ. ಸ್ವಲ್ಪ ಬಾಗಿದರೂ ಹಂಚು ಹಾಳು. ಅಮ್ಮ ಕೊನೆಗೆ ವಿಂಗಡಿಸುವ ಕಡೆಗೆ ಬಂದಳು. ಸುಟ್ಟ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. ಕಂಚಿನ ಹಾಗೆ ನಾದ ಬಂದರೆ ಒಂದು ಕಡೆಗೆ, ಬೊದ್ದು ಸದ್ದಾದರೆ ಇನ್ನೊಂದು ಕಡೆಗೆ. "ಬಿರುಕು ಕಣ್ಣಿಗೆ ಕಾಣ್ಲಿಕ್ಕಿಲ್ಲ ಮಗಾ, ಕಿವಿಗೆ ಗೊತ್ತಾಗ್ತದೆ" ಎನ್ನುತ್ತಿದ್ದಳು. ಆ ಕೌಶಲಕ್ಕೆ ಸಿಕ್ಕ ಕೂಲಿ ತೀರಾ ಕಮ್ಮಿ. ಹಂಚು ಹೊದಿಸಿದ ಕಟ್ಟಡಗಳ ಚಂದವನ್ನು ಎಲ್ಲರೂ ಹೊಗಳುವಾಗ ನನಗೆ ಇವತ್ತಿಗೂ ಅದು ನೋವಾಗುತ್ತದೆ.

ಆಮೇಲಿನದ್ದು ಊರಿಗೆಲ್ಲ ಗೊತ್ತಿರುವುದೇ. ಮನೆಗಳಿಗೆ ತಾರಸಿ ಬಂತು. ಮಣ್ಣು, ಕಟ್ಟಿಗೆ ಎರಡೂ ತುಟ್ಟಿಯಾದವು. ಪೇಟೆ ನಡುವಿನ ಎಕರೆಗಟ್ಟಲೆ ಜಾಗಕ್ಕೆ ಹಂಚಿಗಿಂತ ಹೆಚ್ಚು ಬೆಲೆ ಬಂತು. ಒಂದೊಂದಾಗಿ ಗೂಡುಗಳು ಆರಿದವು. ನಮ್ಮಲ್ಲೂ ಮೊದಲು ಅಚ್ಚುಗಳು ಹೋದವು, ಆಮೇಲೆ ಹೊಗೆಗೂಡು ಉರುಳಿತು. ಕೆಲಸ ಹೋದವರು ಬೀಡಿ ಕಟ್ಟಲು, ಗೋಡಂಬಿ ಕಾರ್ಖಾನೆಗೆ, ಮೀನಿನ ದೋಣಿ ನಿಲ್ಲುವ ಧಕ್ಕೆಗೆ ಹೋದರು. ಬಾಡಿಗೆ ತಾಳಲಾರದೆ ದೂರಕ್ಕೆ ಹೋದವರ ಮಕ್ಕಳು ನಮ್ಮ ಶಾಲೆ ಬಿಟ್ಟರು. ಕನ್ನಡ ಮಾಧ್ಯಮದ ಬೆಂಚುಗಳು ಖಾಲಿಯಾಗತೊಡಗಿದ್ದು ಆಗಲೇ. ಇಂಗ್ಲಿಷ್ ಮೋಹ ಒಂದನ್ನೇ ದೂರಿದರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಫ್ಲ್ಯಾಟುಗಳಲ್ಲಿರುವವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲಿನ ಕೆಲವು ಮಕ್ಕಳು ಈಗ ನಮ್ಮ ಶಾಲೆಯ ಮೈದಾನದಲ್ಲೇ ಆಡುತ್ತಾರೆ, ಸಂತೋಷ. ಆದರೆ ಆ ಜಾಗದಲ್ಲಿ ದುಡಿದವರ ಹೆಸರು ಎಲ್ಲೂ ಉಳಿಯದಿರುವುದು ಸರಿಯಲ್ಲ. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ತಂದೆ ತಾಯಿಯ ಉದ್ಯೋಗ ಬರೆಯುವ ಕಡೆ "ಹಂಚು ಕಾರ್ಖಾನೆ ಕೂಲಿ" ಎಂದು ಪುಟ ಪುಟಕ್ಕೂ ಇದೆ. ಹೆಡ್‌ಮಾಷ್ಟ್ರು ದಯವಿಟ್ಟು ಆ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿ, ನಕಲು ಮಾಡಿಸಬೇಕು. ಖರ್ಚಿನಲ್ಲಿ ನನ್ನ ಪಾಲು ನಾನು ಕೊಡುತ್ತೇನೆ. ಹಳೆಯ ಸಹಪಾಠಿಗಳೇ, ನಿಮ್ಮ ಮನೆಯಲ್ಲಿ ಸಂಬಳದ ಚೀಟಿಯೋ, ಕಾರ್ಖಾನೆಯ ಮುಂದೆ ತೆಗೆದ ಫೋಟೋವೋ, ಹೆಸರು ಒತ್ತಿದ ಹಂಚೋ ಇದ್ದರೆ ಶಾಲೆಯ ಕಚೇರಿಗೆ ತಲುಪಿಸಿ. ಅಮ್ಮನ ಹಾಜರಿ ಕಾರ್ಡನ್ನು ನಾನು ಆಗಲೇ ಕೊಟ್ಟಿದ್ದೇನೆ.